ಮಾತಲೆಯಲ್ಲಿ ಹಾಕದೇ ಬಂದ ಸಹಿ

ಶ್ರೀಲಂಕೆಯಿಂದ ಮರಳಿದ ಮೇಲೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಆನೆಗಳ ಬಗ್ಗೆ, ಸಮುದ್ರದ ಬಗ್ಗೆ, ಅಶೋಕವನ ಎಲ್ಲಿದೆಯಂತೆ ಎಂಬುದರ ಬಗ್ಗೆ. ನಾನೂ ಅಷ್ಟನ್ನೇ ಹೇಳಿದೆ. ಅಶೋಕವನವನ್ನು ನಾನು ನೋಡಿರಲಿಲ್ಲ, ಆದರೂ ಹೇಳಿದೆ. ಸುಳ್ಳು ಅಷ್ಟು ಹೊತ್ತಿಗೆ ರೂಢಿಯಾಗಿತ್ತು. ಹನ್ನೊಂದು ದಿನದ ಆ ಪ್ರವಾಸದಲ್ಲಿ ಹೇಳಲೇಬೇಕಾದದ್ದು ಒಂದೇ ದಿನದ ಕಥೆ. ಅದನ್ನು ಇಷ್ಟು ವರ್ಷ ಒಬ್ಬನ ಹೊರತು ಯಾರ ಮುಂದೆಯೂ ಪೂರ್ತಿ ಹೇಳಿಲ್ಲ.

ಶಿರಸಿ, ಹೊರಡುವ ಮೊದಲು

ನಾನು ಶಿರಸಿಯ ಕಾಲೇಜೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅರ್ಥಶಾಸ್ತ್ರ ಕಲಿಸಿದವಳು. ತವರು ಬನವಾಸಿ. ಅಪ್ಪನದು ಅಕ್ಕಿ ವ್ಯಾಪಾರ. ನಾನು ಒಂಬತ್ತು ವರ್ಷದವಳಿದ್ದಾಗ ಸೊರಬದ ಕಡೆಯ ಅತ್ತೆಯ ಮನೆಯ ಮದುವೆಗೆಂದು ಗಾಡಿಯಲ್ಲಿ ಎರಡು ಚೀಲ ಅಕ್ಕಿ ಹೇರಿಕೊಂಡು ಹೊರಟಿದ್ದೆವು. ಜಿಲ್ಲೆಯ ಗಡಿ ದಾಟಲು ಪರವಾನಗಿ ಬೇಕಿದ್ದ ಕಾಲ ಅದು. ಗೇಟಿನವನು ಬೆಳಗಿನಿಂದ ಸಂಜೆಯವರೆಗೆ ನಮ್ಮನ್ನು ಹುಣಸೆ ಮರದ ಕೆಳಗೆ ಕೂರಿಸಿದ. ಯಾರ ಮುಂದೆಯೂ ತಲೆ ತಗ್ಗಿಸದ ಅಪ್ಪ ಅವತ್ತು ಆ ಮನುಷ್ಯನ ಮುಂದೆ ಕೈ ಮುಗಿದು, "ಸಾಹೇಬ್ರ, ಬಿಡ್ರಿ, ಮದುವಿ ಮನಿ ಅಕ್ಕಿ ಐತಿ" ಎಂದದ್ದನ್ನು ನಾನು ಗಾಡಿಯ ಮೇಲೆ ಕೂತು ನೋಡಿದೆ.

ಮುಂದೆ ಓದಿದ್ದೆಲ್ಲ ಆ ಗೇಟಿನ ಮೇಲೆ ಬಂದು ಕೂತಿತು. ಬೆಳೆದವನು ಬೇಕಾದವನಿಗೆ ಮಾರಲಿ, ಕೊಳ್ಳುವವನು ಬೇಕಾದಲ್ಲಿ ಕೊಳ್ಳಲಿ, ಸರಕಾರ ಕಳ್ಳತನ ಮೋಸ ತಡೆಯಲಿ, ತಕ್ಕಡಿ ನೋಡಲಿ, ಉಳಿದದ್ದಕ್ಕೆ ಕೈ ಹಾಕದಿರಲಿ. ಇದನ್ನು ನಾನು ಪಾಠವಾಗಿ ಅಲ್ಲ, ನಂಬಿಕೆಯಾಗಿ ಕಲಿಸಿದೆ. ಇನ್ನೊಂದು ಮಾತನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ: ಕಾನೂನು ಎಲ್ಲರಿಗೂ ಒಂದೇ ಇರಬೇಕು, ಹೆಸರು ಹೇಳದೆ ಒಬ್ಬನನ್ನೇ ಹಿಡಿಯಲು ಮಾಡಿದ್ದು ಕಾನೂನಲ್ಲ, ಬಲೆ. ಹುಡುಗರು ಅದನ್ನು ಪರೀಕ್ಷೆಯಲ್ಲಿ ಹಾಗೇ ಬರೆದು ಅಂಕ ತೆಗೆದುಕೊಳ್ಳುತ್ತಿದ್ದರು.

ಎರಡು ಸಾವಿರದ ಆಚೀಚಿನ ವರ್ಷಗಳಲ್ಲಿ ಮೆಣಸಿನ ಬೆಲೆ ಕುಸಿಯಿತು. ಲಂಕೆಗೂ ನಮಗೂ ಸುಂಕವಿಲ್ಲದ ವ್ಯಾಪಾರದ ಒಪ್ಪಂದವಾಗಿ ಅಲ್ಲಿನ ಕಾಳುಮೆಣಸು ಬರತೊಡಗಿತ್ತು. ಬೆಲೆ ಬಿದ್ದದ್ದಕ್ಕೆ ಕಾರಣ ಅದೊಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಯಲ್ಲಾಪುರದ ಚಹಾದಂಗಡಿಯಲ್ಲಿ ಲಾರಿಯವರು ಕೂಡ ಲಂಕೆಯ ಹೆಸರನ್ನೇ ಹೇಳುತ್ತಿದ್ದರು.

ಆಗ ಒಂದು ದಿನ ಮಂಜುನಾಥ ಮನೆಗೆ ಬಂದ. ಯಲ್ಲಾಪುರದ ಹತ್ತಿರದ ನಂದೊಳ್ಳಿಯವನು, ನನ್ನ ಹಳೆಯ ವಿದ್ಯಾರ್ಥಿ, ಆ ಭಾಗದ ಬೆಳೆಗಾರರನ್ನು ಒಟ್ಟು ಮಾಡಿ ಓಡಾಡುತ್ತಿದ್ದ. ಜೊತೆಗೆ ಅವನ ಸೋದರಮಾವ. ಮಾವ ಏನೋ ಹೇಳಲು ಬಾಯಿ ತೆರೆದರೆ ಮಂಜುನಾಥ, "ನೀ ಸುಮ್ನಿರು ಮಾವ, ಮೇಡಂಗೆ ಆನು ಹೇಳ್ತೆ" ಎಂದು ನನ್ನ ಕಡೆ ತಿರುಗಿದ. "ಮೇಡಂ, ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಎರಡು ವರ್ಷದ ಮೆಣಸು ಅಟ್ಟದ ಮೇಲೇ ಇದೆ. ಅಲ್ಲಿಂದ ಬರೂದನ್ನ ಪೂರಾ ನಿಲ್ಲಿಸಿ ಅಂತ ದೆಹಲಿಗೆ ಒಂದು ಮನವಿ ಬರೀಬೇಕು. ಇಂಗ್ಲಿಷಲ್ಲಿ, ಅವರಿಗೆ ತಾಗೂ ಹಾಗೆ. ನಿಮ್ಮನ್ನ ಬಿಟ್ರೆ ಯಾರಿದ್ದಾರೆ?"

ಬರೆಯುವುದಿಲ್ಲ ಎನ್ನಬೇಕಿತ್ತು. ನಾನು ಹೇಳಿದ್ದು ಬೇರೆ. "ನಿಲ್ಲಿಸಿ ಅಂತ ಕೇಳಿದ್ರ ಕಸದ ಬುಟ್ಟಿಗೆ ಹೋಗ್ತದ. ಒಪ್ಪಂದ ಐತಲ್ಲ. ನಿಲ್ಲಿಸಿ ಅನಬ್ಯಾಡ್ರಿ, ಪರೀಕ್ಷೆ ಮಾಡಿ ಅನ್ರಿ."

ಅವನಿಗೆ ಅರ್ಥವಾಗಲಿಲ್ಲ. ನಾನು ವಿವರಿಸಿದೆ. ಹೊರಗಿನಿಂದ ಬರುವ ಮೆಣಸಿನಲ್ಲಿ ಬೂಷ್ಟು ಹೆಚ್ಚು, ತಿನ್ನುವವರ ಆರೋಗ್ಯಕ್ಕೆ ಅಪಾಯ. ಆದ್ದರಿಂದ ಒಂದೊಂದು ಚೀಲವನ್ನೂ ಬೇರೆಬೇರೆಯಾಗಿ, ಒಂದೇ ಬಂದರಿನ ಒಂದೇ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು. ಅಷ್ಟು ಕೇಳಿದರೆ ಸಾಕು. ಯಾರನ್ನೂ ತಡೆದ ಹಾಗೆ ಕಾಣುವುದಿಲ್ಲ, ಆದರೆ ಯಾರೂ ಬರಲಾರರು.

ಲಂಕೆಯ ಮೆಣಸಿನ ಒಂದು ಕಾಳನ್ನೂ ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಬೂಷ್ಟಿನ ಮಾತು ನನಗೆ ಆ ಕ್ಷಣಕ್ಕೆ ಹೊಳೆದದ್ದು. ಹೊಳೆದದ್ದಕ್ಕೆ ಖುಷಿಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಮನವಿಯನ್ನು ಒಂದೇ ಕೂತಿನಲ್ಲಿ ಬರೆದೆ. ಅದಕ್ಕೆ ನೂರಾರು ಸಹಿ ಬಿದ್ದವು. ಮುಂದಿನ ವರ್ಷ ಅಂಥದೇ ಒಂದು ನಿಯಮ ಬಂತು. ಅಂಥ ಮನವಿಗಳು ಬೇರೆ ಊರುಗಳಿಂದಲೂ ಹೋಗಿದ್ದವು. ಯಾವುದು ತಾಗಿತೋ ಹೇಳುವವರಿಲ್ಲ. ಆದರೆ ಸಿದ್ದಾಪುರದ ಬೆಳೆಗಾರರ ಸಭೆಯಲ್ಲಿ ನನಗೆ ಶಾಲು ಹೊದಿಸಿದರು. ನಾನು ಹೊದಿಸಿಕೊಂಡೆ.

ಕೊಲಂಬೊ

ದಕ್ಷಿಣ ಏಷ್ಯಾದ ಅಧ್ಯಾಪಕರಿಗೆಂದು ಕ್ಯಾಂಡಿಯಲ್ಲಿ ಒಂದು ಶಿಬಿರ ಇತ್ತು. ವಿಷಯ: ಸ್ವಾತಂತ್ರ್ಯ, ಮಾರುಕಟ್ಟೆ ಮತ್ತು ಕಾನೂನು. ನಾನು ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಬರೆದಿದ್ದ ಲೇಖನ ನೋಡಿ ಕರೆದಿದ್ದರು. ಅಲ್ಲಿ ಯುದ್ಧ ನಿಂತು ಜನ ಸ್ವಲ್ಪ ಉಸಿರಾಡುತ್ತಿದ್ದ ಕಾಲ. ಕಾಲೇಜಿನಿಂದ ವಿದೇಶಕ್ಕೆ ಹೊರಟ ಮೊದಲ ಹೆಂಗಸು ನಾನೇ ಎಂದು ಪ್ರಿನ್ಸಿಪಾಲರು ಹಾರ ಹಾಕಿ ಕಳಿಸಿದರು.

ವಿಮಾನ ನಿಲ್ದಾಣದಿಂದ ಹೊರಬಂದೊಡನೆ ನನಗೆ ಆದ ಮೊದಲ ಗೊಂದಲ ಅಕ್ಷರಗಳದು. ಸಿಂಹಳದ ಅಕ್ಷರಗಳು ನಮ್ಮವುಗಳ ಹಾಗೇ ದುಂಡು. ಅಂಗಡಿ ಬೋರ್ಡು ಕಂಡಾಗಲೆಲ್ಲ ಕಣ್ಣು ಓದಲು ಹೊರಡುತ್ತದೆ, ಏನೂ ಸಿಗದೆ ವಾಪಸು ಬರುತ್ತದೆ. ನಿದ್ದೆಗಣ್ಣಲ್ಲಿ ಕನ್ನಡ ನೋಡಿದ ಹಾಗೆ. ಮಾತಿನಲ್ಲೂ ಹಾಗೆಯೇ. ಅಮ್ಮನಿಗೆ ಅಮ್ಮ, ಅಕ್ಕನಿಗೆ ಅಕ್ಕ. ತಂಗಿಗೆ ಮಾತ್ರ ನಂಗಿ. ನಾನು ಉಳಿದುಕೊಂಡಿದ್ದ ಮನೆಯ ಮುದುಕಿ ಚಹಾ ತಂದಿಟ್ಟಳು. ಚಹಾಕ್ಕೆ ಸಕ್ಕರೆ ಇರಲಿಲ್ಲ. ಪಕ್ಕದಲ್ಲಿ ಒಂದು ತುಂಡು ತಾಳೆ ಬೆಲ್ಲ. ನಾನು ಬೆಲ್ಲವನ್ನು ಚಹಾಕ್ಕೆ ಹಾಕಿ ಕಲಕಿದೆ. ಅವಳು ಬಾಯಿಗೆ ಸೆರಗು ಹಿಡಿದು ನಕ್ಕು, ಬೆಲ್ಲ ಕಚ್ಚಿ ಚಹಾ ಗುಟುಕರಿಸಿ ತೋರಿಸಿದಳು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುತ್ತೇವಲ್ಲ, ಹಾಗೆಯೇ ಇದು ಎಂದುಕೊಂಡೆ. ಮೊದಲ ದಿನವೇ ಆ ದೇಶ ನನಗೆ ನೆಂಟರ ಮನೆಯಂತೆ ಕಂಡಿತು. ಮುಂದೆ ನನಗೆ ಕಷ್ಟವಾದದ್ದೂ ಅದರಿಂದಲೇ.

ಕ್ಯಾಂಡಿ

ಮೂರನೆಯ ದಿನ ನನ್ನ ಭಾಷಣ. ಅಪ್ಪನ ಅಕ್ಕಿ ಗಾಡಿಯ ಕಥೆಯಿಂದ ಶುರು ಮಾಡಿದೆ. ಗೇಟು, ಹುಣಸೆ ಮರ, ಅಪ್ಪ ಮುಗಿದ ಕೈ. ಆಮೇಲೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಮಾತನ್ನೂ ಹೇಳಿದೆ, ಹೆಸರು ಹೇಳದೆ ಒಬ್ಬನನ್ನೇ ಹಿಡಿಯುವ ಕಾನೂನಿನದು. ಹೇಳುವಾಗ ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಈಗ ಯೋಚಿಸಿದರೆ ಅದೇ ನನಗೆ ಭಯ ಹುಟ್ಟಿಸುತ್ತದೆ. ನಾನು ಬರೆದ ಮನವಿ ನೆನಪಿಗೇ ಬರಲಿಲ್ಲ. ಅದು ಊರಿನ ಕೆಲಸ, ಇದು ವಿಚಾರ. ಎರಡೂ ಒಂದೇ ತಲೆಯಲ್ಲಿದ್ದರೂ ಎದುರುಬದುರು ಬಂದಿರಲಿಲ್ಲ.

ಭಾಷಣ ಮುಗಿದ ಮೇಲೆ ಒಬ್ಬ ಯುವತಿ ನನ್ನ ಬಳಿ ಬಂದು ನಿಂತಳು. ಬಿಳಿ ಸೀರೆ, ಎರಡು ಜಡೆ ಹಾಕುವ ವಯಸ್ಸು ದಾಟಿ ಹೆಚ್ಚು ದಿನವಾಗಿರಲಿಕ್ಕಿಲ್ಲ ಅನ್ನಿಸುವ ಮುಖ. ಮಾತಲೆ ಎಂಬ ಊರಿನ ಶಾಲೆಯಲ್ಲಿ ವಾಣಿಜ್ಯ ಕಲಿಸುವ ನಿಲ್ಮಿನಿ. ಕಣ್ಣು ತೇವವಾಗಿತ್ತು.

"ಮಿಸ್, ನಿಮ್ಮ ಅಪ್ಪನ ಕಥೆ ನನ್ನ ಅಮ್ಮನ ಕಥೆಯೇ" ಎಂದಳು ಇಂಗ್ಲಿಷಿನಲ್ಲಿ. "ನಾಳೆ ಪೋಯ, ಹುಣ್ಣಿಮೆಯ ರಜೆ. ನಮ್ಮ ಮನೆಗೆ ಬರುತ್ತೀರಾ? ಅಮ್ಮ ನಿಮ್ಮನ್ನು ನೋಡಬೇಕು."

ಅಮ್ಮ ಏನು ಮಾಡುತ್ತಾರೆ ಎಂದು ನಾನು ಕೇಳಲಿಲ್ಲ. ಯಾರೋ ನನ್ನ ಭಾಷಣಕ್ಕೆ ಅತ್ತದ್ದು ಅದೇ ಮೊದಲು. ಬರುತ್ತೇನೆ ಎಂದೆ.

ಮಾತಲೆಯ ಬಸ್ಸು

ಬಸ್ಸಿನಲ್ಲಿ ಮುಂದಿನ ಸೀಟು ಖಾಲಿ ಇತ್ತು. ಶಿರಸಿಯ ಬಸ್ಸಿನ ಅಭ್ಯಾಸ, ಖಾಲಿ ಕಂಡರೆ ಕೂರುವುದು. ಕೂತೆ. ನಿಲ್ಮಿನಿ ಹಿಂದೆ ಟಿಕೆಟು ತೆಗೆಸುತ್ತಿದ್ದಳು. ಮುಂದಿನ ನಿಲ್ದಾಣದಲ್ಲಿ ಕಾವಿ ಧರಿಸಿದ ವಯಸ್ಸಾದ ಭಿಕ್ಷುವೊಬ್ಬರು ಹತ್ತಿದರು. ನಾನು ಗೌರವದಿಂದ ಸರಿದು ಪಕ್ಕದಲ್ಲಿ ಜಾಗ ಮಾಡಿ, ಬನ್ನಿ ಎಂದು ಕೈ ಮಾಡಿದೆ. ಇಡೀ ಬಸ್ಸು ಉಸಿರು ಹಿಡಿಯಿತು. ಭಿಕ್ಷು ಕಿಟಕಿಯಾಚೆ ನೋಡುತ್ತ ನಿಂತೇ ಇದ್ದರು. ಓಡಿಬಂದ ನಿಲ್ಮಿನಿ ನನ್ನನ್ನು ಮೆಲ್ಲಗೆ ಎಬ್ಬಿಸಿದಳು. ಅದು ಭಿಕ್ಷುಗಳಿಗೇ ಮೀಸಲಾದ ಸೀಟು, ಹೆಂಗಸಿನ ಪಕ್ಕ ಅವರು ಕೂರುವಂತಿಲ್ಲ.

"ನಿಮ್ಮ ತಪ್ಪಲ್ಲ ಮಿಸ್. ಬೋರ್ಡು ಸಿಂಹಳದಲ್ಲಿದೆ" ಎಂದಳು ಅವಳು. ನಾಲ್ಕು ಜನ ಎದ್ದು ನನಗೆ ಸೀಟು ಬಿಟ್ಟುಕೊಟ್ಟರು. ಯಾರೂ ಗೊಣಗಲಿಲ್ಲ.

ಘಟ್ಟ ಇಳಿಯುವಾಗ ಕಿಟಕಿಯಿಂದ ನೋಡಿದೆ. ಮನೆಮನೆಯ ಬೇಲಿಯ ಗೊಬ್ಬರದ ಸೊಪ್ಪಿನ ಮರಕ್ಕೆ ಬಳ್ಳಿ ಹಬ್ಬಿತ್ತು. ಒಂದು ಮನೆಯಲ್ಲ, ಎರಡು ಮನೆಯಲ್ಲ, ದಾರಿಯುದ್ದಕ್ಕೂ. ನಮ್ಮ ಶಿರಸಿ ಸುತ್ತಿನ ಭೈರುಂಬೆಯ ಕಡೆ ಹುಟ್ಟಿ ಬೆಳೆದವರಿಗೆ ಆ ಎಲೆಯ ಗುರುತು ಹೇಳಿಕೊಡಬೇಕಾಗಿಲ್ಲ. ನನಗೂ ಬೇಕಾಗಲಿಲ್ಲ.

"ಗಮ್ಮಿರಿಸ್" ಎಂದಳು ನಿಲ್ಮಿನಿ ನನ್ನ ನೋಟ ಕಂಡು. "ಪೆಪ್ಪರ್. ಅಮ್ಮನ ಕೆಲಸ ಅದೇ."

ಆಗ ನನಗೆ ಊರಿನಲ್ಲಿ ಬರೆದ ಮನವಿ ನೆನಪಾಯಿತು. ತಲೆನೋವು ಎಂದು ಹೇಳಿ ಅಲ್ಲಿಂದಲೇ ವಾಪಸಾಗುವ ಯೋಚನೆಯೂ ಬಂತು. ಅಷ್ಟರಲ್ಲಿ ಅವಳು ನನ್ನ ಚೀಲ ಎತ್ತಿಕೊಂಡು ಇಳಿದಿದ್ದಳು.

ಸೋಮಾವತಿಯವರ ಮನೆ

ಸೋಮಾವತಿ ನನಗಿಂತ ಏಳೆಂಟು ವರ್ಷ ದೊಡ್ಡವರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಗಿಡ್ಡ ದೇಹ, ಬಿಸಿಲಿಗೆ ಸುಟ್ಟ ಮುಂಗೈ. ಎರಡೂ ಕೈಯಲ್ಲಿ ವೀಳ್ಯದೆಲೆಯ ಕಟ್ಟು ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದರು. ಅತಿಥಿಯನ್ನು ಎಲೆ ಕೊಟ್ಟು ಬರಮಾಡಿಕೊಳ್ಳುವುದು ಅಲ್ಲಿಯ ರೂಢಿ. ಇಲ್ಲಿ ಊಟವಾದ ಮೇಲೆ ಕೊಡುವುದನ್ನು ಅಲ್ಲಿ ಮೊದಲೇ ಕೊಡುತ್ತಾರೆ. ನಾನು "ಅಕ್ಕ" ಎಂದೆ. ಅವರು "ನಂಗಿ" ಎಂದರು. ಅಲ್ಲಿಗೆ ನಮ್ಮಿಬ್ಬರ ನಡುವಿನ ನೇರ ಮಾತು ಮುಗಿಯಿತು. ಉಳಿದದ್ದನ್ನೆಲ್ಲ ನಿಲ್ಮಿನಿ ಇಂಗ್ಲಿಷಿಗೆ ತಿರುಗಿಸಿದಳು.

ನಾನು ಶಾಕಾಹಾರಿ ಎಂದು ಮಗಳು ಮೊದಲೇ ಹೇಳಿದ್ದರಿಂದ ಅವರು ಬೆಳಗಿನಿಂದ ಹೊಸ ಮಡಕೆಯಲ್ಲಿ ಅಡುಗೆ ಮಾಡಿದ್ದರು. ಹಲಸಿನ ಪಲ್ಯ, ಬೇಳೆ, ಕೆಂಪಕ್ಕಿ ಅನ್ನ, ತೆಂಗಿನತುರಿಯ ಕೆಂಪು ಚಟ್ನಿ. ಚಟ್ನಿ ನಮ್ಮ ಬಾಯಿಗೆ ಹೇಳಿ ಮಾಡಿಸಿದ ಹಾಗಿತ್ತು. ಎರಡು ಸಲ ಹಾಕಿಸಿಕೊಂಡೆ. ಮೂರನೆಯ ಸಲ ಬಡಿಸಲು ಬಂದ ಸೋಮಾವತಿ ಬಟ್ಟಲನ್ನು ಮೂಸಿ ನೋಡಿ ಹಾಗೇ ನಿಂತುಬಿಟ್ಟರು. ಚಟ್ನಿ ಪಕ್ಕದ ಮನೆಯವರು ಕೊಟ್ಟದ್ದು. ಅದರಲ್ಲಿ ಒಣಮೀನಿನ ಪುಡಿ ಇತ್ತು.

ಅವರ ಮುಖ ಬಿಳಿಚಿಕೊಂಡಿತು. ಎರಡೂ ಕೈ ಮುಗಿದು ಮತ್ತೆ ಮತ್ತೆ ಏನೋ ಹೇಳಿದರು. ನಾನು ಮೀನು ತಿಂದಿದ್ದೆ. ಹುಟ್ಟಿದ ಮೇಲೆ ಮೊದಲ ಸಲ. ಆದರೂ ನಾನು, "ಗೊತ್ತಿಲ್ಲದೆ ಆದದ್ದು ಅಕ್ಕ, ಪಾಪವಲ್ಲ" ಎಂದೆ. ನಿಲ್ಮಿನಿ ಅದನ್ನು ಹೇಳಿದಾಗ ಅವರು ತಲೆಯಾಡಿಸಿದರು.

"ಅಮ್ಮ ಹೇಳುತ್ತಾರೆ, ಗೊತ್ತಿಲ್ಲ ಅಂದರೂ ಬಡಿಸಿದ್ದು ನನ್ನ ಕೈಯೇ ಅಲ್ಲವಾ. ಕೊಡುವ ಮೊದಲು ನೋಡಬೇಕಿತ್ತು."

ನಾನು ತಲೆ ಬಗ್ಗಿಸಿ ಅನ್ನ ಕಲಸುತ್ತ ಕೂತೆ.

ಊಟದ ನಂತರ ಅವರು ನನ್ನನ್ನು ಮುಂದಿನ ಕೋಣೆಗೆ ಕರೆದೊಯ್ದರು. ಕುರ್ಚಿ ಮೇಜು ಇರಬೇಕಾದ ಜಾಗದಲ್ಲಿ ಗೋಣಿಚೀಲಗಳು ಸೂರಿನವರೆಗೆ ಪೇರಿಸಿದ್ದವು. ಬಾಗಿಲಲ್ಲೇ ವಾಸನೆ ಮೂಗಿಗೆ ಹೊಡೆಯಿತು. ಯಲ್ಲಾಪುರದ ಮಳೆಗಾಲದ ಗೋದಾಮುಗಳಲ್ಲಿ ಆ ವಾಸನೆಯನ್ನು ಎಷ್ಟೋ ಸಲ ಕಂಡಿದ್ದೇನೆ.

ಮೊದಲು ಆ ಸುತ್ತಿನ ಮೆಣಸನ್ನೆಲ್ಲ ಪೇಟೆಯ ಒಬ್ಬನೇ ದಲ್ಲಾಳಿ ಕೊಳ್ಳುತ್ತಿದ್ದನಂತೆ. ಅವನು ಹೇಳಿದ್ದೇ ತೂಕ. ಸೋಮಾವತಿ ಒಂದು ತಕ್ಕಡಿ ತಂದು, ನೆರೆಯ ನಲವತ್ತು ಮನೆಗಳ ಮೆಣಸನ್ನು ಕೊಂಡು, ಅಂಗಳದ ಚಾಪೆಯ ಮೇಲೆ ತಾವೇ ಒಣಗಿಸಿ, ಕೊಲಂಬೊದ ರಫ್ತಿನವರಿಗೆ ಕೊಡತೊಡಗಿದರು. ದಲ್ಲಾಳಿಯೂ ತನ್ನ ತೂಕ ಸರಿ ಮಾಡಿಕೊಳ್ಳಬೇಕಾಯಿತು. ನಾನು ತರಗತಿಯಲ್ಲಿ ಪೈಪೋಟಿ ಎಂದರೇನು ಎಂದು ವಿವರಿಸಲು ಒದ್ದಾಡುತ್ತಿದ್ದೆನಲ್ಲ, ಅದು ಇಲ್ಲಿ ಒಂದು ಹಳೆಯ ತಕ್ಕಡಿಯಾಗಿ ಗೋಡೆಗೆ ನೇತುಬಿದ್ದಿತ್ತು.

"ಆಮೇಲೆ ಇದು ಬಂತು" ಎಂದು ನಿಲ್ಮಿನಿ ರಫ್ತಿನವರು ಕಳಿಸಿದ ಕಾಗದದ ಪ್ರತಿಯನ್ನು ನನ್ನ ಕೈಗಿತ್ತಳು. ನಮ್ಮ ದೇಶದ ನಿಯಮ. ಒಂದೊಂದು ಚೀಲವನ್ನೂ ಬೇರೆಬೇರೆಯಾಗಿ. ಒಂದೇ ಬಂದರು. ಒಂದೇ ಪ್ರಯೋಗಶಾಲೆ. ಬೂಷ್ಟಿನ ಕಾರಣ. ಅದರ ಇಂಗ್ಲಿಷನ್ನು ಎರಡು ಸಲ ಓದಿದೆ. ಒಂದು ವಾಕ್ಯದ ತಿರುವು ನನ್ನದೇ ಅನ್ನಿಸಿತು. ನನ್ನದಲ್ಲದೆಯೂ ಇರಬಹುದು, ಸರಕಾರಿ ಇಂಗ್ಲಿಷು ಎಲ್ಲ ಒಂದೇ ಥರ. ಸಿದ್ದಾಪುರದಲ್ಲಿ ಶಾಲು ಹೊದಿಸಿಕೊಳ್ಳುವಾಗ ಅದು ನನ್ನ ಮನವಿಯಿಂದಲೇ ಬಂದದ್ದು ಎಂದು ನಂಬಲು ಇಷ್ಟವಿತ್ತು. ಈಗ ಆ ಚೀಲಗಳ ಮುಂದೆ ನಿಂತು, ಬೇರೆ ಯಾರದೋ ಮನವಿಯಿಂದ ಬಂದಿರಲಿ ಎಂದು ಬೇಡುತ್ತಿದ್ದೆ.

"ಇವರ ಮೆಣಸಿನಲ್ಲಿ ಬೂಷ್ಟು ಇತ್ತೇ?" ಎಂದು ಕೇಳಿದೆ. ಕೇಳಬಾರದಿತ್ತು.

ಸೋಮಾವತಿ ಒಂದು ಚೀಲದ ಬಾಯಿ ಬಿಚ್ಚಿದರು. ಕಾಳುಗಳ ಮೇಲೆ ಬೂದಿ ಎರಚಿದ ಹಾಗೆ ಬಿಳಿ. "ಆಗ ಇರಲಿಲ್ಲ. ಬಂದರಿಗೆ ಹೋದ ಲೋಡು ತಿಂಗಳುಗಟ್ಟಲೆ ಅಲ್ಲೇ ಕೂತಿತು. ರಫ್ತಿನವರು ಉಳಿದದ್ದನ್ನು ಒಯ್ಯಲಿಲ್ಲ. ಇಲ್ಲಿ ಎರಡು ಮಳೆ ಕಳೆಯಿತು. ಈಗ ನೋಡಿ, ನಿಮ್ಮವರು ಹೇಳಿದ ಹಾಗೇ ಆಗಿದೆ."

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ಮಗಳೂ ಹಾಗೇ ಅನುವಾದಿಸಿದಳು. ನಾನು ಬರೆದ ಸುಳ್ಳು ಆ ಕೋಣೆಯಲ್ಲಿ ಕೂತು ನಿಜವಾಗಿತ್ತು.

ಪಕ್ಕದ ಮನೆಯವರನ್ನು ಬಿಟ್ಟರೆ ಆ ನಲವತ್ತು ಮನೆಯವರು ಈಗ ದಾರಿಯಲ್ಲಿ ಸಿಕ್ಕರೆ ಮಾತಾಡಿಸುವುದಿಲ್ಲ ಎಂದರು ಸೋಮಾವತಿ. "ಅವರದು ತಪ್ಪಲ್ಲ, ಅವರ ಮೆಣಸಿನ ಹಣ ಇನ್ನೂ ಬಾಕಿ ಇದೆ. ಕೊಡಿ ಎಂದು ಕರೆದವಳು ನಾನು."

ಅದೇ ಮಧ್ಯಾಹ್ನ

ಚಹಾ ಕುಡಿಯುವಾಗ ನಿಲ್ಮಿನಿ, "ಮಿಸ್, ಒಂದು ಕೇಳಲಾ?" ಎಂದಳು. ಏನು ಕೇಳುತ್ತಾಳೆ ಎಂದು ನನಗೆ ಗೊತ್ತಾಗಿಹೋಯಿತು. "ನಿಮ್ಮ ಸರಕಾರಕ್ಕೆ ನಮ್ಮ ಪರವಾಗಿ ಒಂದು ಪತ್ರ ಬರೆದುಕೊಡುತ್ತೀರಾ? ನೀವು ಎಷ್ಟು ಚೆನ್ನಾಗಿ ಮಾತಾಡಿದಿರಿ. ಅಷ್ಟು ಚೆನ್ನಾಗಿ ಬರೆಯಲು ನಮಗೆ ಬರುವುದಿಲ್ಲ."

ಇಲ್ಲ ಎನ್ನಲಾಗಲಿಲ್ಲ. ಊಟದ ಮೇಜಿನ ಮೇಲೆ ಅವಳ ಶಾಲೆಯ ರೂಲು ಹಾಳೆ ಇಟ್ಟುಕೊಂಡು ಬರೆಯಲು ಕೂತೆ. ಬರೆಯುವುದು ಕಷ್ಟವೇ ಆಗಲಿಲ್ಲ. ಎದುರಾಳಿಯ ವಾದ ನನಗೆ ಬಾಯಿಪಾಠವಿತ್ತಲ್ಲ. ಆರೋಗ್ಯದ ಕಾಳಜಿ ನಿಜವಾದರೆ ದೇಶದೊಳಗಿನ ಮೆಣಸಿಗೂ ಅದೇ ಪರೀಕ್ಷೆ ಇರಬೇಕು. ಲೋಡಿನಲ್ಲಿ ಕೆಲವು ಚೀಲ ನೋಡಿದರೆ ಸಾಲುವಲ್ಲಿ ಎಲ್ಲ ಚೀಲ ಬಿಚ್ಚುವುದು ಪರೀಕ್ಷೆಯಲ್ಲ, ತಡೆ. ಕಾಯಿಸುವುದರಿಂದಲೇ ಬೂಷ್ಟು ಬರುತ್ತದೆ. ಒಂದೊಂದಾಗಿ ನನ್ನ ಮನವಿಯ ಕೀಲುಗಳನ್ನು ನಾನೇ ಬಿಚ್ಚಿದೆ.

ನಿಲ್ಮಿನಿ ಓದಿ ಬೆರಗಾದಳು. "ಅವರು ಏನೇನು ಹೇಳುತ್ತಾರೆ ಅಂತ ಇಷ್ಟು ಸರಿಯಾಗಿ ನಿಮಗೆ ಹೇಗೆ ಗೊತ್ತು?"

"ಇಪ್ಪತ್ತು ವರ್ಷ ಅರ್ಥಶಾಸ್ತ್ರ ಕಲಿಸಿದ್ದೇನೆ" ಎಂದೆ.

ಅವಳು ಪೆನ್ನನ್ನು ನನ್ನ ಕಡೆ ಚಾಚಿದಳು. "ಕೆಳಗೆ ನಿಮ್ಮ ಹೆಸರು, ಊರು, ಸಹಿ ಹಾಕಿ ಮಿಸ್. ಮೆಣಸು ಬೆಳೆಯುವ ಊರಿನ ಅಧ್ಯಾಪಕಿಯೇ ಹೀಗೆ ಹೇಳಿದರೆ ಅವರು ಕೇಳಲೇಬೇಕು."

ಅವಳು ಹೇಳಿದ್ದು ಸರಿ. ಆ ಪತ್ರಕ್ಕೆ ಬಲ ಬರುವುದಿದ್ದರೆ ಅದೊಂದರಿಂದಲೇ. ನಾನು ಪೆನ್ನು ಹಿಡಿದೆ. ಆಗ ಕಣ್ಣ ಮುಂದೆ ಬಂದದ್ದು ಸಿದ್ದಾಪುರದ ಸಭೆ. ಮಂಜುನಾಥನ ಮುಖ. ನನ್ನ ಗಂಡನ ಔಷಧಿ ಅಂಗಡಿಗೆ ಬರುವ ಬೆಳೆಗಾರ ಗಿರಾಕಿಗಳು, ನನ್ನ ತರಗತಿಯಲ್ಲಿ ಕೂರುವ ಅವರ ಮಕ್ಕಳು. ಇದು ಊರಿಗೆ ಗೊತ್ತಾದರೆ? ನಾನು ಪೆನ್ನು ಕೆಳಗಿಟ್ಟೆ.

"ನನ್ನದು ಅನುದಾನಿತ ಕಾಲೇಜು. ವಿದೇಶದಲ್ಲಿ ಇಂಥದಕ್ಕೆಲ್ಲ ಸಹಿ ಹಾಕಬೇಕಾದರೆ ಮೊದಲೇ ಅನುಮತಿ ಬೇಕು" ಎಂದೆ. ಅಂಥ ನಿಯಮ ನನಗೆ ಗೊತ್ತಿದ್ದಂತೆ ಇರಲಿಲ್ಲ. ಇನ್ನೊಂದು ನಿಯಮವನ್ನು ಅಲ್ಲೇ ಕೂತು ಹುಟ್ಟಿಸಿದ್ದೆ.

ನಿಲ್ಮಿನಿಯ ಮುಖ ಸಣ್ಣದಾಯಿತು. ಸೋಮಾವತಿ ಮಾತ್ರ ವಿಷಯ ತಿಳಿದ ಕೂಡಲೇ ನನ್ನ ಕೈ ಹಿಡಿದುಕೊಂಡರು. "ಬೇಡ ನಂಗಿ, ನಿಮ್ಮ ನೌಕರಿಗೆ ತೊಂದರೆ ಆಗುವುದು ಬೇಡ. ಇಷ್ಟು ಬರೆದುಕೊಟ್ಟದ್ದೇ ದೊಡ್ಡದು." ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಲಿಲ್ಲ.

ಹೊರಡುವಾಗ ಅವರು ಆ ವರ್ಷದ ಹೊಸ ಮೆಣಸನ್ನು ಒಂದು ಸೇರಿನಷ್ಟು ಬಟ್ಟೆಯ ಚೀಲದಲ್ಲಿ ಕಟ್ಟಿಕೊಟ್ಟರು. ಬಾಗಿಲಲ್ಲಿ ನಿಲ್ಮಿನಿ ಮಂಡಿಯೂರಿ ನನ್ನ ಪಾದ ಮುಟ್ಟಿ ನಮಸ್ಕರಿಸಿದಳು. ಅಲ್ಲಿ ಗುರುಗಳಿಗೆ ಹಾಗೆ ಮಾಡುತ್ತಾರೆ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ತಲೆಯ ಮೇಲೆ ಕೈಯಿಟ್ಟು ಆಶೀರ್ವಾದವನ್ನೂ ಮಾಡಿದೆ.

ಬೆಂಗಳೂರು ವಿಮಾನ ನಿಲ್ದಾಣ

ಕಸ್ಟಮ್ಸಿನ ಅಧಿಕಾರಿ ಬಟ್ಟೆಯ ಚೀಲವನ್ನು ಎತ್ತಿ ಅಲುಗಾಡಿಸಿದರು.

"ಏನಮ್ಮ ಇದು?"

"ಮೆಣಸು."

"ಯಾವ ಊರು ನಿಮ್ಮದು?"

"ಶಿರಸಿ."

ಅವರು ನಕ್ಕರು. "ಶಿರಸಿಯವರು ಲಂಕೆಯಿಂದ ಮೆಣಸು ತರ್ತೀರಾ? ಹೋಗಿ ಹೋಗಿ" ಎಂದು ಚೀಲವನ್ನು ಬಿಚ್ಚದೆ ವಾಪಸು ಕೊಟ್ಟರು. ನನ್ನ ಹಿಂದೆ ನಿಂತವರೂ ನಕ್ಕರು. ನಾನೂ ನಗಬೇಕಾಯಿತು. ಆ ವರ್ಷ ಯಾರೂ ಬಿಚ್ಚಿ ನೋಡದೆ ದೇಶದೊಳಗೆ ಬಂದ ಲಂಕೆಯ ಮೆಣಸು ಅದೊಂದೇ ಇರಬೇಕು.

ಮತ್ತೆ ಶಿರಸಿ

ಮನೆಯಲ್ಲಿ ನಮ್ಮವರಿಗೆ ಅರ್ಧ ಹೇಳಿದೆ. ಅವರು, "ಬಿಡು, ಅಲ್ಲಿ ಯಾರಿಗೆ ಗೊತ್ತಾಗ್ತದ? ನೀ ಒಬ್ಬಾಕಿ ಬರ್ದಿದ್ದಕ್ಕ ದೇಶದ ಕಾನೂನ ಆಗ್ತದೇನು?" ಎಂದರು. ಸಮಾಧಾನಕ್ಕೆ ಹೇಳಿದ ಮಾತು. ಸಮಾಧಾನವಾಗಲಿಲ್ಲ. ಆ ವರ್ಷ ತರಗತಿಯಲ್ಲಿ ಬಲೆಯ ಮಾತನ್ನು ಬರೆಯಲು ಸೀಮೆಸುಣ್ಣ ಎತ್ತಿದವಳು, ಬೋರ್ಡು ಒರೆಸಿ ಮುಂದಿನ ಅಧ್ಯಾಯಕ್ಕೆ ಹೋದೆ.

ನಾಲ್ಕೈದು ತಿಂಗಳ ಮೇಲೆ ಮಂಜುನಾಥ ಬಂದ. ನಿಯಮವನ್ನು ಸಡಿಲಿಸುವ ಮಾತು ದೆಹಲಿಯಲ್ಲಿ ನಡೆದಿದೆಯಂತೆ, ಬಿಡಬಾರದು, ಇನ್ನೊಂದು ಮನವಿ ಬೇಕು ಎಂದ. ನಾನು ಅವನನ್ನು ಕೂರಿಸಿ, ಚಹಾ ಕೊಟ್ಟು, ಎಲ್ಲವನ್ನೂ ಹೇಳಿದೆ. ಸೋಮಾವತಿಯ ಮುಂದಿನ ಕೋಣೆ, ನಲವತ್ತು ಮನೆ, ನಾನು ಇಟ್ಟ ಪೆನ್ನು. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಸಿಟ್ಟಾಗಿದ್ದರೆ ಹಗುರಾಗುತ್ತಿತ್ತು.

ಅವನು ಚಹಾದ ಲೋಟವನ್ನು ಕೆಳಗಿಟ್ಟ. ಆಮೇಲೆ ಕೇಳಿದ. "ಹಾಗಾದ್ರೆ ಆ ಬೂಷ್ಟಿನ ಮಾತು ಸುಳ್ಳಾ ಮೇಡಂ?"

"ನಾ ನೋಡಿರಲಿಲ್ಲ. ಸುಮ್ನ ಬರ್ದೆ."

"ನಾವು ನಿಜ ಅಂದ್ಕಂಡಿದ್ವಿ" ಎಂದ. "ಮೇಡಂ ಬರೆದಿದ್ದಾರೆ ಅಂದ್ಮೇಲೆ ಎಲ್ಲೋ ಓದಿರ್ತಾರೆ ಅಂತ. ಊರೂರಿಗೆ ಹೋಗಿ ಅದನ್ನೇ ಹೇಳಿದೆ ನಾನು. ಆ ಮೆಣಸು ತಿಂದ್ರೆ ಕಾಯಿಲೆ ಬರ್ತು ಅಂತ ನಮ್ಮನೆ ಆಯಿಗೂ ಹೇಳಿಟ್ಟಿದ್ದೆ." ಆಮೇಲೆ ಅವನೇ, "ಬೆಲೆ ಬೀಳೂದು ಬೇಡ ಅಂತ ನಮಗೆ ಇತ್ತು, ಅದು ನಿಜ. ಅದನ್ನೇ ನೇರ ಬರೀಬಹುದಿತ್ತು ಅಲ್ವಾ? ಕಸದ ಬುಟ್ಟಿಗೆ ಹೋದ್ರೆ ಹೋಗ್ತಿತ್ತು."

ಅವನು ಎದ್ದು ಹೋದ. ಜಗಳವಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಎರಡನೆಯ ಮನವಿಯನ್ನು ಅವನು ಬೇರೆಯವರಿಂದ ಬರೆಸಿದನೋ, ಬಿಟ್ಟೇಬಿಟ್ಟನೋ ನಾನು ಕೇಳಲಿಲ್ಲ. ದಾರಿಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾನೆ, ಆದರೆ ನಿಂತು ಮಾತಾಡುವುದಿಲ್ಲ. ಒಬ್ಬರಿಗೆ ಮೋಸ ಮಾಡಿದೆ ಎಂದುಕೊಂಡು ಊರಿಗೆ ಬಂದಿದ್ದವಳಿಗೆ, ಇಬ್ಬರಿಗೆ ಮಾಡಿದ್ದೇನೆ ಎಂದು ಅವತ್ತು ತಿಳಿಯಿತು.

ಆ ವಾರವೇ ನಿಲ್ಮಿನಿಗೆ ಬರೆದೆ. ಮೊದಲ ಮನವಿಯನ್ನು ಬರೆದವಳು ನಾನೇ ಎಂದು, ಅನುಮತಿಯ ಮಾತು ಸುಳ್ಳೆಂದು. ಮಾತಲೆಯಲ್ಲಿ ಅವರಿಗಾಗಿ ಬರೆದಿದ್ದ ಪತ್ರದ ಒಕ್ಕಣೆಯನ್ನು ನೆನಪಿನಿಂದ ಮತ್ತೆ ಬರೆದು, ಕೆಳಗೆ ಹೆಸರು, ಊರು, ಕಾಲೇಜು ಎಲ್ಲ ಹಾಕಿ, ಸಹಿ ಮಾಡಿ ಜೊತೆಗಿಟ್ಟೆ. ಅಂಚೆ ಪೆಟ್ಟಿಗೆಗೆ ಹಾಕಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಎರಡು ತಿಂಗಳಿಗೆ ಉತ್ತರ ಬಂತು. ಒಂದೇ ಹಾಳೆ. ಹೆಸರಿಲ್ಲದ ಪತ್ರವನ್ನು ಕಳಿಸಿ ಫಲವಿಲ್ಲವೆಂದು ಅವರು ಕಳಿಸಿಯೇ ಇರಲಿಲ್ಲ. ನನ್ನ ಸಹಿ ತಲುಪುವ ಹೊತ್ತಿಗೆ ಅಮ್ಮ ತಕ್ಕಡಿಯನ್ನು ಮಾರಿಬಿಟ್ಟಿದ್ದರು. ನಲವತ್ತು ಮನೆಯವರು ಮತ್ತೆ ಅದೇ ದಲ್ಲಾಳಿಗೆ ಕೊಡುತ್ತಿದ್ದಾರೆ. ಕೊನೆಗೆ ಹೀಗಿತ್ತು: "ನಿಮ್ಮ ಕಾಗದವನ್ನು ಅಮ್ಮನಿಗೆ ಓದಿ ಹೇಳಿಲ್ಲ. ಹೇಳುವುದೂ ಇಲ್ಲ. ನಿಮ್ಮ ಮೇಲಿನ ಕರುಣೆಯಿಂದಲ್ಲ. ತನ್ನ ಮನೆಗೆ ಬಂದವರಲ್ಲಿ ಒಳ್ಳೆಯವರೊಬ್ಬರ ಬಗ್ಗೆ ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಅದನ್ನು ಅವಳಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ."

ಅಲ್ಲಿಂದ ಮುಂದೆ ಪ್ರತಿ ಏಪ್ರಿಲ್ಲಿನಲ್ಲಿ ಅವರ ಹೊಸ ವರ್ಷಕ್ಕೆ ಒಂದು ಕಾರ್ಡು ಬರುತ್ತದೆ. ಸೋಮಾವತಿ ಹೇಳಿ ಬರೆಸಿದ್ದು, ಮಗಳ ಅಕ್ಷರ. ಮಗಳು ತನ್ನ ಕಡೆಯಿಂದ ಒಂದು ಮಾತನ್ನೂ ಸೇರಿಸಿರುವುದಿಲ್ಲ. ಮಳೆ ಹೇಗಾಯಿತು, ಮನೆಯವರು ಹೇಗಿದ್ದಾರೆ, ಮತ್ತೆ ಯಾವಾಗ ಬರುತ್ತೀರಿ ಎಂದಿರುತ್ತದೆ. ನಾನು ಮಳೆಯ ಬಗ್ಗೆ ಬರೆಯುತ್ತೇನೆ, ಮನೆಯವರ ಬಗ್ಗೆ ಬರೆಯುತ್ತೇನೆ. ಮೂರನೆಯ ಪ್ರಶ್ನೆಗೆ ಇದುವರೆಗೆ ಉತ್ತರ ಬರೆದಿಲ್ಲ.